ಬೆನ್ನಿಗೆ ಸೆಲ್ಲೋ, ಕೈಯಲ್ಲಿ ನೆಟ್‌ಬಾಲ್ ಶೂ

ಬೆಳಗ್ಗೆ ಎಂಟು ಗಂಟೆ. ಉತ್ತರ ಲಂಡನ್ನಿನ ಎಡ್ಮಂಟನ್. ಮುಂದೆ ಹೋಗುತ್ತಿರುವ ಆ ಸೆಲ್ಲೋ, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯದ ಪೆಟ್ಟಿಗೆ ನೋಡಿ. ಅದರ ಕೆಳಗೆ ಎರಡು ಕಾಲು ಕಾಣಿಸುತ್ತಿವೆಯಲ್ಲ, ಅವು ನಮ್ಮ ಅಕ್ಕನ ಮಗಳವು.

ಅವಳ ಶಾಲೆ ದಿ ಲ್ಯಾಟಿಮರ್ ಸ್ಕೂಲ್. ಗ್ರಾಮರ್ ಸ್ಕೂಲು. ಹಾಗಂತ ದಿನವಿಡೀ ವ್ಯಾಕರಣ ಕಲಿಸುತ್ತಾರೆ ಅಂದುಕೊಳ್ಳಬೇಡಿ! ಹಿಂದೆ ಲ್ಯಾಟಿನ್ ವ್ಯಾಕರಣ ಹೇಳಿಕೊಡುತ್ತಿದ್ದ ಶಾಲೆಗಳ ಹೆಸರು ಹಾಗೇ ಉಳಿದುಕೊಂಡಿದೆ. ಈಗ ಅಂದರೆ ಫೀಸಿಲ್ಲದ ಸರ್ಕಾರಿ ಶಾಲೆ, ಆದರೆ ಪ್ರವೇಶ ಪರೀಕ್ಷೆ ಪಾಸಾಗಲೇಬೇಕು. ಇಡೀ ಇಂಗ್ಲೆಂಡಿನಲ್ಲಿ ಇಂಥವು 163 ಉಳಿದಿವೆ.

1624ರಲ್ಲಿ ಎಡ್ವರ್ಡ್ ಲ್ಯಾಟಿಮರ್ ಎಂಬುವರು ಎಡ್ಮಂಟನ್ನಿನ ಎಂಟು ಬಡ ಹುಡುಗರ ಬಟ್ಟೆ, ಓದಿಗೆಂದು ಉಯಿಲು ಬರೆದಿಟ್ಟರು. ಹುಡುಗಿಯರು ಬಂದದ್ದು 1910ರಲ್ಲಿ. ಹೆಚ್ಚುಕಡಿಮೆ ಮುನ್ನೂರು ವರ್ಷ ಆಮೇಲೆ ಅಂತ ಲೆಕ್ಕ!

ಒಳಗೆ ಮಕ್ಕಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯೋದು ಸರಿಯಲ್ಲ. ಅದಕ್ಕೇ ಗೇಟಿನ ಹೊರಗಿಂದಲೇ ಮಾತಾಡುತ್ತಿದ್ದೇನೆ.

ಮಕ್ಕಳನ್ನು ಆರು ಹೌಸ್‌ಗಳಾಗಿ ಹಂಚಿದ್ದಾರೆ. ಒಂದರ ಹೆಸರು ಕೀಟ್ಸ್, ಇನ್ನೊಂದು ಲ್ಯಾಂಬ್. ಕವಿ ಕೀಟ್ಸ್ ಹುಡುಗನಾಗಿದ್ದಾಗ ಎಡ್ಮಂಟನ್ನಿನ ಒಬ್ಬ ವೈದ್ಯರ ಹತ್ತಿರ ಕೆಲಸ ಕಲಿಯುತ್ತಿದ್ದ. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಸಮಾಧಿ ಇಲ್ಲಿನ ಚರ್ಚಿನ ಅಂಗಳದಲ್ಲೇ ಇದೆ. ಊರಿನವರ ಹೆಸರು ಹೇಳಿಕೊಂಡು ಮಕ್ಕಳು ಕಿರುಚಾಡುತ್ತಾ ಓಡೋದು ನನಗಂತೂ ಇಷ್ಟ.

ಪ್ರತಿ ವರ್ಷ ಕೆಲವು ಸೀಟು ಸಂಗೀತದಲ್ಲಿ ಮುಂದಿರುವ ಮಕ್ಕಳಿಗೇ ಮೀಸಲು. ಪರೀಕ್ಷೆ ಅವರಿಗೂ ತಪ್ಪಿದ್ದಲ್ಲ. ಆದರೆ ಸಂಗೀತದವರು ಒಂದು ಕಡೆ, ಆಟದವರು ಇನ್ನೊಂದು ಕಡೆ ಅಂತ ಇಲ್ಲ. ನಾನು ಓದಿದ ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡಿಗೆ ಗಣಿತದ ಮೇಷ್ಟ್ರು ಬಂದು ಕೂರುತ್ತಿದ್ದರು. ಇವಳು ನೋಡಿ, ಸೆಲ್ಲೋನೂ ಬೇಕು, ಬಾಸ್ಕೆಟ್‌ಬಾಲ್ ಥರದ ನೆಟ್‌ಬಾಲೂ ಬೇಕು.

ಅಲ್ಲೇ ನಾನು ಎಡವಟ್ಟು ಮಾಡಿದ್ದು. ನೆಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡೋ ಹಾಗಿಲ್ಲ, ಮೂರು ಸೆಕೆಂಡಿನೊಳಗೆ ಎಸೆಯಬೇಕು. ಭಾನುವಾರ ಪಾರ್ಕಿನಲ್ಲಿ ಪ್ರಾಕ್ಟೀಸ್ ಮಾಡಿಸ್ತೀನಿ ಅಂತ ನಾನು ಸ್ವಲ್ಪ ಜಾಸ್ತಿ ಜೋರಾಗೇ ಎಸೆದೆ. ಅವಳ ಎಡಗೈ ಕಿರುಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಸೆಲ್ಲೋ ತಂತಿ ಒತ್ತುವ ಕೈ ಅದೇ. ಗುರುವಾರ ಕನ್ಸರ್ಟು. ಅಕ್ಕ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಕೊನೆಗೆ ಕಿರುಬೆರಳಿಗೆ ಟೇಪು ಸುತ್ತಿಕೊಂಡೇ ಕೂತಳು. ಹಿಂದಿನ ಸಾಲು. ಮೂರೇ ಬೆರಳಲ್ಲಿ ಹೇಗೋ ಸರಿಮಾಡಿಕೊಂಡು ನುಡಿಸುತ್ತಿದ್ದಳು. ನಾನು ಸಂಗೀತ ಎಲ್ಲಿ ಕೇಳಿದೆ? ಆ ಬಿಳಿ ಟೇಪನ್ನೇ ನೋಡುತ್ತಾ ಕೂತಿದ್ದೆ.

ಹೊರಗೆ ಬಂದವಳು ಪೆಟ್ಟಿಗೆಯನ್ನು ನನ್ನ ಬೆನ್ನಿಗೇ ಹಾಕಿದಳು. "ಚಿಕ್ಕಮ್ಮ, ಸ್ಟೇಷನ್‌ವರೆಗೂ ನೀನೇ ಹೊರು. ಶಿಕ್ಷೆ."