ಒಂದು ಆಕ್ಸೆಸ್ ಪಾಯಿಂಟ್, ಮೂರು ವೈಫೈ: ಮಲ್ಪೆಯ ಹೋಂಸ್ಟೇಯಲ್ಲಿ ಟಿವಿ ತಾನಾಗಿ ಹಾಡಿದ ಕಥೆ

(ದೃಶ್ಯ: ಹಂಚಿನ ಮನೆಯ ಚಾವಡಿ. ಮಾಡಿನ ಅಡಿಯಲ್ಲಿ ಬಿಳಿ ತಟ್ಟೆಯಂಥ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬೀರುವ ಪೆಟ್ಟಿಗೆ.)

ನಮಸ್ಕಾರ. ಇದು ಮಲ್ಪೆ ಹತ್ತಿರ ನಮ್ಮ ಸಂಬಂಧಿಕರ ಹೋಂಸ್ಟೇ. ಕೆಳಗೆ ಮನೆಯವರು, ಮೇಲಿನ ಎರಡು ರೂಮಿನಲ್ಲಿ ಅತಿಥಿಗಳು. ಕಳೆದ ಸಲ ನಾನು ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ದೊಡ್ಡಮ್ಮ ಆಗಷ್ಟೇ ಭಜನೆ ಶುರು ಮಾಡಿದ್ದರು. ಚಾವಡಿಯ ಟಿವಿ ತಾನಾಗಿಯೇ ಆನ್ ಆಗಿ ಡಿಜೆ ಹಾಡು ಹೊಡೆಯತೊಡಗಿತು. ಮೇಲಿದ್ದ ಹುಡುಗ ತನ್ನ ರೂಮಿನ ಟಿವಿ ಅಂದುಕೊಂಡು ಫೋನಿನ ಹಾಡನ್ನು ವೈಫೈ ಮೂಲಕ ಟಿವಿಗೆ ಕಳಿಸಿದ್ದ, ಅಂದರೆ ಕಾಸ್ಟ್ ಮಾಡಿದ್ದ. ಪಾಪ, ಅವನ ತಪ್ಪಲ್ಲ. ಮನೆಗೂ ಅತಿಥಿಗಳಿಗೂ ಒಂದೇ ವೈಫೈ, ಒಂದೇ ಪಾಸ್‌ವರ್ಡ್.

"ಅತಿಥಿಗಳಿಗೆ ಬೇರೆ ವೈಫೈ ಮಾಡಿಕೊಡು ಮಾರಾಯ" ಅಂದರು. ಮಾಡಿಕೊಟ್ಟೆ. ಎರಡು ಹೆಸರು, ಎರಡು ಪಾಸ್‌ವರ್ಡ್. ಐದು ನಿಮಿಷದ ಕೆಲಸ. ಮುಂದಿನ ವಾರ ಫೋನ್ ಬಂತು: ಟಿವಿ ಮತ್ತೆ ಹಾಡಿತು!

ಇವತ್ತು ಹೇಳುವುದು ಅದನ್ನೇ. ವೈಫೈ ಹೆಸರು ಬೇರೆ ಆದ ಮಾತ್ರಕ್ಕೆ ನೆಟ್‌ವರ್ಕ್ ಬೇರೆ ಆಗುವುದಿಲ್ಲ.

(ದೃಶ್ಯ: ಹೆದ್ದಾರಿಯಲ್ಲಿ ಬಸ್ಸು.)

ಮಂಗಳೂರು–ಉಡುಪಿ ಬಸ್ಸು ನೆನಪಿಸಿಕೊಳ್ಳಿ. ಅದರ ಮುಂದೆ ಮೂರು ಬೋರ್ಡ್ ತೂಗುಹಾಕಿದರೆ ಮೂರು ಬಸ್ಸು ಆಗುತ್ತದಾ? ಯಾವ ಬೋರ್ಡ್ ನೋಡಿ ಹತ್ತಿದರೂ ಒಳಗೆ ಎಲ್ಲರೂ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಲ್ಲುವುದೇ. ವೈಫೈ ಹೆಸರು, ಅಂದರೆ ಎಸ್‌ಎಸ್‌ಐಡಿ, ಬರೀ ಬೋರ್ಡ್. ಒಳಗೆ ಗೋಡೆ ಕಟ್ಟುವುದು ವಿ-ಲ್ಯಾನ್. ಪ್ರತಿ ವಿ-ಲ್ಯಾನ್‌ಗೂ 1ರಿಂದ 4094ರೊಳಗೆ ಒಂದು ಸಂಖ್ಯೆ. ಕೇಬಲ್‌ನಲ್ಲಿ ಹೋಗುವ ಪ್ರತಿ ಡೇಟಾ ತುಂಡಿಗೂ 4 ಬೈಟ್‌ನ ಚೀಟಿ ಅಂಟಿಸಿ, ಅದರಲ್ಲಿ ಈ ಸಂಖ್ಯೆ ಬರೆಯುತ್ತಾರೆ. ಹಾಗಾಗಿ ಒಂದೇ ಕೇಬಲ್‌ನಲ್ಲಿ ಮೂರು ನೆಟ್‌ವರ್ಕ್ ಬೆರೆಯದೆ ಓಡಬಹುದು.

ನಾವು ಮಾಡಿದ್ದು ಮೂರು. ಮನೆಗೆ 10, ಅತಿಥಿಗಳಿಗೆ 20, ಗೇಟಿನ ಕ್ಯಾಮೆರಾಗಳಿಗೆ 30. ಸಂಖ್ಯೆ ಯಾವುದಾದರೂ ಆಗುತ್ತದೆ. ಆದರೆ ಐಪಿ ವಿಳಾಸದಲ್ಲೂ ಅದೇ ಇಟ್ಟರೆ, ಅಂದರೆ 192.168.10, 192.168.20 ಹೀಗೆ, ಆರು ತಿಂಗಳ ಮೇಲೆ ನೋಡಿದಾಗಲೂ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಈ ಆಕ್ಸೆಸ್ ಪಾಯಿಂಟ್ ಸ್ಟ್ಯಾಂಡ್‌ಅಲೋನ್. ಇದನ್ನು ಆಳುವ ಕಂಟ್ರೋಲರ್ ಯಾವುದೂ ಇಲ್ಲ. ಸೆಟ್ಟಿಂಗ್ ಎಲ್ಲ ಇದರ ಹೊಟ್ಟೆಯಲ್ಲೇ ಇದೆ. ಬ್ರೌಸರ್‌ನಲ್ಲಿ ಇದರ ಐಪಿ ಹೊಡೆದು ಒಳಗೆ ಹೋಗಬೇಕು. ಒಂದೆರಡು ಪೆಟ್ಟಿಗೆ ಇರುವ ಮನೆಗೆ ಇಷ್ಟು ಸಾಕು. ಹತ್ತಾದರೆ ಪ್ರತಿಯೊಂದರಲ್ಲೂ ಕೂತು ಇದೇ ಕೆಲಸ ಮಾಡಬೇಕು. ಆಗ ಕಂಟ್ರೋಲರ್ ತೆಗೆದುಕೊಳ್ಳಿ.

ಈಗ ಕೆಲಸದ ಕ್ರಮ. ಇಲ್ಲಿ ನಾನು ಎಡವಿದ್ದೇನೆ, ನೀವು ಎಡವಬೇಡಿ. ಮೊದಲು ಇಂಟರ್ನೆಟ್ ತರುವ ರೂಟರ್, ಆಮೇಲೆ ಕೇಬಲ್‌ಗಳನ್ನೆಲ್ಲ ಜೋಡಿಸುವ ಸ್ವಿಚ್, ಕೊನೆಗೆ ಆಕ್ಸೆಸ್ ಪಾಯಿಂಟ್. ನಾನು ಉಲ್ಟಾ ಹೋದೆ. ಆಕ್ಸೆಸ್ ಪಾಯಿಂಟ್‌ನ ಸ್ವಂತ ಐಪಿ ಇರುವ ಮ್ಯಾನೇಜ್‌ಮೆಂಟ್ ವಿ-ಲ್ಯಾನನ್ನು ಮೊದಲೇ ಬದಲಿಸಿ ಸೇವ್ ಒತ್ತಿದೆ. ಸ್ವಿಚ್‌ಗೆ ಆ ಸಂಖ್ಯೆಯ ಗುರುತೇ ಇಲ್ಲ. ಪೆಟ್ಟಿಗೆ ಕೈಗೆ ಸಿಗದೆ ಹೋಯಿತು. ಪಕ್ಕದ ಮನೆಯಿಂದ ಏಣಿ ತಂದು, ಮಾಡಿನ ಅಡಿಗೆ ಹತ್ತಿ, ಪಿನ್ ಚುಚ್ಚಿ ರಿಸೆಟ್ ಮಾಡಿದೆ. ದೊಡ್ಡಮ್ಮ ಕೆಳಗೆ ನಿಂತು "ಇವನಿಗೆ ಕೆಲಸ ಗೊತ್ತುಂಟಾ?" ಅಂತ ಯಾರನ್ನೋ ಕೇಳುತ್ತಿದ್ದರು.

ರೂಟರ್‌ನಲ್ಲಿ ಮೂರು ವಿ-ಲ್ಯಾನ್ ಮಾಡಿ, ಪ್ರತಿಯೊಂದಕ್ಕೂ ಐಪಿ ಹಂಚುವ ಡಿಎಚ್‌ಸಿಪಿ ಕೊಡಿ. ನೆನಪಿಡಿ, ತುಂಬಾ ರೂಟರ್‌ಗಳು ವಿ-ಲ್ಯಾನ್‌ಗಳ ನಡುವೆ ತಾವೇ ದಾರಿ ತೆರೆದು ಕೂತಿರುತ್ತವೆ. ಗೋಡೆ ಕಟ್ಟಿ ಬಾಗಿಲು ಹಾಕದೆ ಬಿಟ್ಟ ಹಾಗೆ. ಅದಕ್ಕೆ ಫೈರ್‌ವಾಲ್ ನಿಯಮ ಬೇಕು: 20ರಿಂದ ಇಂಟರ್ನೆಟ್‌ಗೆ ಹೋಗಬಹುದು, 10ಕ್ಕೂ 30ಕ್ಕೂ ಹೋಗುವಂತಿಲ್ಲ. ಹಾಗಂತ ರೂಟರನ್ನೇ ಪೂರ್ತಿ ಮುಚ್ಚಿಬಿಟ್ಟರೆ ಡಿಎಚ್‌ಸಿಪಿ, ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ಹುಡುಕುವ ಡಿಎನ್‌ಎಸ್ ಎರಡೂ ನಿಲ್ಲುತ್ತವೆ. ವೈಫೈ ಗುರುತು ತುಂಬಿರುತ್ತದೆ, ಯಾವ ಪೇಜೂ ತೆರೆಯುವುದಿಲ್ಲ. ಆ ಎರಡಕ್ಕೆ ದಾರಿ ಬಿಡಿ, ರೂಟರ್‌ನ ಲಾಗಿನ್ ಪೇಜನ್ನು ಮಾತ್ರ ಮುಚ್ಚಿ.

ಸ್ವಿಚ್‌ನಲ್ಲಿ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಪೋರ್ಟ್ ಟ್ರಂಕ್ ಆಗಿರಬೇಕು, ಅಂದರೆ ಎಲ್ಲ ವಿ-ಲ್ಯಾನ್‌ಗಳನ್ನೂ ಒಟ್ಟಿಗೆ ಹೊರಬೇಕು. 10, 20, 30 ಚೀಟಿ ಸಮೇತ, ಮ್ಯಾನೇಜ್‌ಮೆಂಟ್ ಒಂದು ಚೀಟಿ ಇಲ್ಲದೆ. ರೂಟರ್‌ಗೆ ಹೋಗುವ ಪೋರ್ಟ್ ಕೂಡ ಹಾಗೆಯೇ. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಅಲ್ಲದಿದ್ದರೆ ಇದು ಆಗುವುದಿಲ್ಲ.

ಕೊನೆಗೆ ಆಕ್ಸೆಸ್ ಪಾಯಿಂಟ್‌ನಲ್ಲಿ ಒಂದೊಂದು ಹೆಸರಿಗೂ ಅದರ ವಿ-ಲ್ಯಾನ್ ಸಂಖ್ಯೆ ಕೊಡಿ. ಅತಿಥಿಗಳ ಹೆಸರಿಗೆ ಕ್ಲೈಂಟ್ ಐಸೊಲೇಶನ್ ಆನ್ ಮಾಡಿ, ಒಬ್ಬರ ಫೋನ್ ಇನ್ನೊಬ್ಬರಿಗೆ ಕಾಣದಿರಲಿ. ಮನೆಯದರಲ್ಲಿ ಆಫ್ ಇರಲಿ. ಇಲ್ಲದಿದ್ದರೆ ಮನೆಯವರ ಫೋನಿಗೇ ಟಿವಿ, ಪ್ರಿಂಟರ್ ಸಿಗುವುದಿಲ್ಲ.

ಸಿಸ್ಕೊ ಕಂಪನಿಯ ಹಳೆಯ ಸ್ಟ್ಯಾಂಡ್‌ಅಲೋನ್ ಪೆಟ್ಟಿಗೆ ಕೊಂಡವರಿಗೆ ಒಂದು ಮಾತು. ಅದರಲ್ಲಿ 16 ಹೆಸರು ಮಾಡಬಹುದು. ಆದರೆ ಪ್ರತಿ ಹೆಸರನ್ನೂ ಬೇರೆಬೇರೆಯಾಗಿ ತೋರಿಸುವ ಮಲ್ಟಿಪಲ್ ಬಿಎಸ್‌ಎಸ್‌ಐಡಿ ಆನ್ ಮಾಡದಿದ್ದರೆ ಗಾಳಿಯಲ್ಲಿ ಕಾಣುವುದು ಒಂದೇ. ಅಲ್ಲಿ "ಗೆಸ್ಟ್ ಮೋಡ್" ಅಂತ ಇರುವುದು ಅತಿಥಿ ನೆಟ್‌ವರ್ಕ್ ಅಲ್ಲ. ಈ ಹೆಸರನ್ನು ಎಲ್ಲರಿಗೂ ಕಾಣುವಂತೆ ಕೂಗು ಅಂತ ಅರ್ಥ. ಯಾರು ಇಟ್ಟರೋ ಆ ಹೆಸರು!

(ದೃಶ್ಯ: ಬಸ್ ನಿಲ್ದಾಣ, ಕಂಡಕ್ಟರ್ ಕೂಗು.)

ಕೂಗು ಅಂದೆನಲ್ಲ. "ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪೀ..." ಕಂಡಕ್ಟರ್ ಕೂಗುವ ಹಾಗೆಯೇ ಪ್ರತಿ ಎಸ್‌ಎಸ್‌ಐಡಿ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರು ಕೂಗುತ್ತದೆ. ಅದಕ್ಕೆ ಬೀಕನ್ ಅನ್ನುತ್ತಾರೆ. ಅದು ಹೋಗುವುದು ಅತಿ ನಿಧಾನದ ವೇಗದಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಹಳೆಯ ವೇಗಗಳನ್ನು ಆಫ್ ಮಾಡದೆ ಹಾಗೇ ಇಟ್ಟಿದ್ದರೆ ಬರೀ 1 ಎಂಬಿಪಿಎಸ್. ಒಂದು ಬೀಕನ್ 250 ಬೈಟ್ ಅಂತ ಇಟ್ಟುಕೊಳ್ಳಿ. ಅದಕ್ಕೆ 2 ಮಿಲಿಸೆಕೆಂಡ್ ಬೇಕು. ಹತ್ತು ಸಲಕ್ಕೆ 20. ಅಂದರೆ ಯಾರೂ ಏನೂ ನೋಡದಿದ್ದರೂ ಒಂದು ಹೆಸರಿಗೆ ಗಾಳಿಯ ಸಮಯದಲ್ಲಿ ನೂರಕ್ಕೆ 2 ಖರ್ಚು. ಮೂರು ಹೆಸರಿಗೆ 6. ಎಂಟು ಮಾಡಿದರೆ 16. ಮೇಲಾಗಿ ಎಲ್ಲ ಹೆಸರೂ ಒಂದೇ ರೇಡಿಯೊ, ಒಂದೇ ಚಾನೆಲ್ ಹಂಚಿಕೊಳ್ಳುತ್ತವೆ. ಹೆಸರು ಜಾಸ್ತಿ ಆದರೆ ಸ್ಪೀಡ್ ಜಾಸ್ತಿ ಆಗುತ್ತದೆ ಅನ್ನುವುದು ಸುಮ್ನೆ.

ನಾನು ಕನಿಷ್ಠ ವೇಗವನ್ನು 6 ಎಂಬಿಪಿಎಸ್‌ಗೆ ಏರಿಸಿದೆ. ಕ್ಯಾಮೆರಾದ ಹೆಸರನ್ನು 2.4ರಲ್ಲಿ ಮಾತ್ರ ಇಟ್ಟೆ. ಈ ದಪ್ಪ ಮುರಕಲ್ಲಿನ ಗೋಡೆ ದಾಟಿ ಗೇಟಿನ ತನಕ 5 ಗಿಗಾಹರ್ಟ್ಸ್ ತಲುಪಲಿಲ್ಲ.

ಇನ್ನು ಹೆಸರು. ಮನೆಯವರಿಗೆ ಕನ್ನಡದಲ್ಲೇ ಬೇಕಿತ್ತು. ಹಾಕಬಹುದು, ಆದರೆ ಎಸ್‌ಎಸ್‌ಐಡಿಗೆ ಜಾಗ 32 ಬೈಟ್ ಅಷ್ಟೇ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಗುರುತು, ಒತ್ತು ಕೊಡುವ ಗುರುತು, ಎಲ್ಲಕ್ಕೂ ತಲಾ 3 ಬೈಟ್. "ಲ್ಪೆ" ಒಂದಕ್ಕೇ 12! "ಮಲ್ಪೆ ಮನೆ" 25 ಬೈಟ್, ಆರಾಮ. "ಮಲ್ಪೆ ಅತಿಥಿ" 31, ಹೇಗೋ ಹಿಡಿಸಿತು. "ಮಲ್ಪೆ ಕ್ಯಾಮೆರಾ" 40 ಆಗಿ ಹೊರಗೆ ಉಳಿಯಿತು. ಅದಕ್ಕೆ ಬರೀ "ಗೇಟು" ಅಂತ ಇಟ್ಟೆವು.

(ದೃಶ್ಯ: ಫೋನ್ ಪರದೆ.)

ಈಗ ಪರೀಕ್ಷೆ. ನನ್ನ ಫೋನ್ "ಮಲ್ಪೆ ಅತಿಥಿ"ಯಲ್ಲಿದೆ. ಐಪಿ 192.168.20ರಿಂದ ಶುರು, ಸರಿ. ವಿಡಿಯೋ ಓಡುತ್ತಿದೆ. 192.168.10ರ ಪ್ರಿಂಟರ್ ಪೇಜ್ ತೆರೆಯುತ್ತೇನೆ... ತಿರುಗುತ್ತಿದೆ, ತಿರುಗುತ್ತಿದೆ, ಇಲ್ಲ. ಕ್ಯಾಮೆರಾ, ಇಲ್ಲ. ರೂಟರ್ ಲಾಗಿನ್, ಅದೂ ಇಲ್ಲ. ಕೊನೆಗೆ ಕಾಸ್ಟ್ ಗುಂಡಿ. ಚಾವಡಿಯ ಟಿವಿ ಪಟ್ಟಿಯಲ್ಲಿ ಕಾಣುತ್ತಿಲ್ಲ.

ದೊಡ್ಡಮ್ಮ, ಇನ್ನು ದೀಪ ಹಚ್ಚಬಹುದು. ನಾನು ಈ ಏಣಿ ವಾಪಸ್ ಕೊಟ್ಟು ಬರುತ್ತೇನೆ.