ಕೌಂಟ್ ಒಂದನ್ನೇ ನೋಡಬೇಡಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತಿರುವ ಗಂಡಸರು ಸ್ವಲ್ಪ ಮುಂದೆ ಬನ್ನಿ, ಇವತ್ತಿನ ಮಾತು ನಿಮ್ಮ ಬಗ್ಗೆಯೇ.

ದಾವಣಗೆರೆ ಇರಲಿ, ಚಿತ್ರದುರ್ಗ ಇರಲಿ, ಮದುವೆಯಾಗಿ ಎರಡು ವರ್ಷ ಮಕ್ಕಳಾಗದಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗುವವಳು ಸೊಸೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಗಂಡ ವೀರ್ಯ ಪರೀಕ್ಷೆಗೆ ಬರುತ್ತಾನೆ, ಅದೂ ಮುಖ ಗಂಟು ಹಾಕಿಕೊಂಡು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಸಮಸ್ಯೆಯೂ ಸೇರಿರುತ್ತದೆ. ಹಾಗಿದ್ದ ಮೇಲೆ ಇಷ್ಟು ಸುಲಭದ ಪರೀಕ್ಷೆ ಕೊನೆಗೆ ಯಾಕೆ?

ರಿಪೋರ್ಟ್ ಬಂದ ಮೇಲೂ ಕೇಳುವುದು ಒಂದೇ, 'ಕೌಂಟ್ ಎಷ್ಟಿದೆ ಸಾರ್?' ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಮುಖ್ಯವೇ. ಆದರೆ ಕೋಟಿಗಟ್ಟಲೆ ವೀರ್ಯಾಣು ಇದ್ದೂ ಒಂದೂ ಕೆಲಸಕ್ಕೆ ಬಾರದೆ ಹೋಗಬಹುದು. ಯಾಕೆಂದರೆ ಅದರ ಒಂದೊಂದು ಭಾಗಕ್ಕೂ ಒಂದೊಂದು ಕೆಲಸ ಇದೆ.

ತಲೆಯಿಂದ ಬಾಲದ ತುದಿವರೆಗೆ ವೀರ್ಯಾಣುವಿನ ಉದ್ದ ಸುಮಾರು 50ರಿಂದ 60 ಮೈಕ್ರಾನ್, ಅಂದರೆ 1 ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ತಲೆ 4-5 ಮೈಕ್ರಾನ್, ಉಳಿದಿದ್ದೆಲ್ಲ ಹೆಚ್ಚುಕಡಿಮೆ ಬಾಲವೇ. ಮೊಟ್ಟೆಯಾಕಾರದ ಆ ತಲೆಯ ಮೇಲೆ ಟೋಪಿಯ ಹಾಗೆ ಒಂದು ಚೀಲ ಇದೆ, ಅಕ್ರೋಸೋಮ್ ಅಂತ. ಅದರಲ್ಲಿರುವ ಕಿಣ್ವಗಳು ಅಂಡಾಣುವಿನ ಹೊದಿಕೆ ದಾಟಲು ಬೇಕು. ಕೆಲವರಲ್ಲಿ ಈ ಅಕ್ರೋಸೋಮೇ ಇರುವುದಿಲ್ಲ, ತಲೆ ಗುಂಡಗಿರುತ್ತದೆ. ಕೌಂಟ್ ಚೆನ್ನಾಗಿರಬಹುದು, ಈಜಲೂಬಹುದು, ಆದರೆ ಅಂಡಾಣುವಿನ ಒಳಗೆ ಹೋಗಲಾರದು. ಸರಿ, ಸೂಜಿಯಿಂದ ನಾವೇ ಒಳಗೆ ಬಿಟ್ಟರೆ? ಆಗಲೂ ತೊಂದರೆ ಇದೆ. ಅಂಡಾಣುವನ್ನು ಎಬ್ಬಿಸುವ, ಅಂದರೆ ಅದು ಭ್ರೂಣವಾಗಿ ಬೆಳೆಯಲು ಶುರುಮಾಡುವಂತೆ ಮಾಡುವ ಒಂದು ಪ್ರೋಟೀನ್ ಕೂಡ ಇಂಥ ವೀರ್ಯಾಣುವಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಕ್ಯಾಲ್ಸಿಯಂ ಏರಿಸುವ ರಾಸಾಯನಿಕದಿಂದ ಅದನ್ನು ಎಬ್ಬಿಸಬೇಕಾಗುತ್ತದೆ. ಇನ್ನು ಎಲ್ಲ ತಲೆಗಳೂ ವಿಪರೀತ ದಪ್ಪಗಿದ್ದರೆ ಒಳಗೆ ಕ್ರೋಮೋಸೋಮುಗಳೇ ಜಾಸ್ತಿ ಇರುತ್ತವೆ. ಅಲ್ಲಿ ಸೂಜಿ ಚಿಕಿತ್ಸೆಗೆ ದುಡ್ಡು ಸುರಿಯುವುದು ಸುಮ್ನೆ ದಂಡ.

ತಲೆಯೊಳಗೆ ಡಿಎನ್‌ಎ ಇದೆ. ನಮ್ಮೂರ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯನ್ನು ಒತ್ತಿ ಬೇಲ್ ಕಟ್ಟುತ್ತಾರಲ್ಲ, ಹಾಗೆ ಪ್ರೋಟಮೈನ್ ಎಂಬ ಪ್ರೋಟೀನ್ ಅದನ್ನು ಬಿಗಿಯಾಗಿ ಕಟ್ಟಿಡುತ್ತದೆ. ಕಟ್ಟು ಸಡಿಲವಾದರೆ ಡಿಎನ್‌ಎ ಸುಲಭವಾಗಿ ತುಂಡಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗರ್ಭ ನಿಂತರೂ ಇಳಿದುಹೋಗುವ ಅಪಾಯ ಜಾಸ್ತಿ. ಪದೇ ಪದೇ ಗರ್ಭಪಾತವಾದಾಗ ಹೆಂಡತಿಯನ್ನೇ ದೂರುವವರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಕತ್ತಿನ ಕೆಳಗಿನ ನಡುಭಾಗದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಸುರುಳಿ ಸುತ್ತಿಕೊಂಡಿರುತ್ತವೆ, ಓಡುವ ಶಕ್ತಿಗೆ ಅವೂ ಬೇಕು. ಬಾಲದ ನಟ್ಟನಡುವೆ ಎರಡು ಎಳೆ, ಸುತ್ತ ಒಂಬತ್ತು ಜೋಡಿ ಎಳೆ. ಆ ಜೋಡಿಗಳಿಗೆ ಡೈನೀನ್ ಎಂಬ ಪುಟ್ಟ ತೋಳುಗಳಿವೆ, ಬಾಲ ಬಡಿಯುವುದು ಅವುಗಳಿಂದಲೇ. ಇದೇ ರಚನೆ ನಮ್ಮ ಶ್ವಾಸನಾಳದಲ್ಲಿ ಕಫ ಹೊರಗೆ ತಳ್ಳುವ ಸಣ್ಣ ರೋಮಗಳಲ್ಲೂ ಇದೆ. ಅದಕ್ಕೇ ವೀರ್ಯಾಣು ಒಂದೂ ಅಲ್ಲಾಡದಿದ್ದರೆ 'ಚಿಕ್ಕಂದಿನಿಂದ ಯಾವಾಗಲೂ ನೆಗಡಿ, ಕಫ ಇತ್ತಾ?' ಅಂತ ಕೇಳಬೇಕು. ಇಂಥ ಕೆಲವರಿಗೆ ಹೃದಯ ಬಲಗಡೆ ಇರುತ್ತದೆ. ಮಗುವಿಗಾಗಿ ಬಂದವರ ಎದೆಯ ಎಕ್ಸ್‌ರೇ ಯಾಕೆ ಅಂತ ಜಗಳ ಮಾಡಬೇಡಿ ಮತ್ತೆ! ಅಲ್ಲಾಡದ್ದೆಲ್ಲ ಸತ್ತಿದೆ ಅಂತಲೂ ಅಲ್ಲ. ತೆಳು ದ್ರಾವಣದಲ್ಲಿ ಹಾಕಿದಾಗ ಬಾಲ ಸುರುಳಿಯಾದರೆ ಜೀವ ಇದೆ ಎಂದರ್ಥ, ಅಂಥದ್ದನ್ನು ಆರಿಸಿ ಸೂಜಿಯಿಂದ ಅಂಡಾಣುವಿಗೆ ಸೇರಿಸಬಹುದು. ಸೂಜಿಯಿಂದ ಸೇರಿಸುವ ಈ ವಿಧಾನದಿಂದ ಗರ್ಭ ನಿಂತಿತೆಂದು ಬ್ರಸೆಲ್ಸ್‌ನ ವೈದ್ಯರು ವರದಿ ಮಾಡಿದ್ದು 1992ರಲ್ಲಿ.

ಈಗ ಎಲ್ಲರೂ ಹೆದರುವ ಸಾಲಿಗೆ ಬರೋಣ. 'ಸರಿಯಾದ ಆಕಾರ 4%'. ಅಯ್ಯೋ, ನೂರರಲ್ಲಿ ನಾಲ್ಕೇನಾ ಅಂತ ಕೂತಲ್ಲೇ ಬೆವರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲೂ ಕೆಳಗಿನ ಗಡಿ 4 ಪರ್ಸೆಂಟೇ. ಮಕ್ಕಳಾದ ಗಂಡಸರನ್ನು ನೋಡಿಯೇ ಆ ಗಡಿ ಹಾಕಿದ್ದು. 3 ಬಂದರೆ ಮಕ್ಕಳೇ ಆಗಲ್ಲ ಅಂತಲ್ಲ. ಬಹುತೇಕ ಎಲ್ಲದರಲ್ಲೂ ಒಂದೇ ತರಹದ ದೋಷ ಇದೆಯಾ ಅನ್ನುವುದು ಡಾಕ್ಟರಿಗೆ ಬೇಕಾದ ಸುಳಿವು.

ವೃಷಣಗಳು ಮೈಗಿಂತ 2-3 ಡಿಗ್ರಿ ತಣ್ಣಗಿರಬೇಕು. ಮಂಡಕ್ಕಿ ಭಟ್ಟಿಯ ಮುಂದೆ ದಿನಾ ನಿಲ್ಲುವವರು, ಹೈವೇಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವವರು ಇದನ್ನು ಡಾಕ್ಟರಿಗೆ ಹೇಳಿ. ಬೀಡಿ, ಸಿಗರೇಟು, ಗುಟ್ಕಾ ಬಿಡಿ. ಜಿಮ್‌ನಲ್ಲಿ ಮೈ ಬೆಳೆಸಲು ಕೊಡುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಅದು ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸಬಹುದು. ಹೊಸ ವೀರ್ಯಾಣು ತಯಾರಾಗಿ ಹೊರಬರಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕು, ಹಾಗಾಗಿ ಇವತ್ತು ಬಿಟ್ಟು ಮುಂದಿನ ವಾರ ರಿಪೋರ್ಟ್ ನೋಡಿದರೆ ಏನೂ ಬದಲಾಗಿರುವುದಿಲ್ಲ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗದಂತೆ ಅಂತರ ಇರಲಿ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಬೇಡಿ, ಒಂದು ಗಂಟೆಯೊಳಗೆ ನೋಡದಿದ್ದರೆ ಚಲನೆಯ ಲೆಕ್ಕ ತಪ್ಪುತ್ತದೆ. ಲ್ಯಾಬಿನಲ್ಲೇ ಕೊಡಿ. ಪ್ರಶ್ನೆ ಇದ್ದರೆ ಈಗ ಕೇಳಿ, ಎಲ್ಲರೆದುರು ಸಂಕೋಚ ಅನ್ನುವವರು ಹೆಸರಿಲ್ಲದೆ ಚೀಟಿ ಬರೆದು ಕಳಿಸಿ, ಓದುತ್ತೇನೆ.