ಆಟಿಕೆಯೊಳಗೆ ಮೂರು ಆಯಾಮದ ಬೆಳಕು

ಕೇಳುಗರಿಗೆ ನಮಸ್ಕಾರ. ಮಾಲ್‌ಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ ಚಿತ್ರವನ್ನು ಗಾಳಿಯಲ್ಲಿ ತೇಲಿಸುವ ಎಲ್‌ಇಡಿ ಫ್ಯಾನ್ ನೋಡಿರುತ್ತೀರಿ. ‘ತ್ರೀಡಿ ಹೊಲೋಗ್ರಾಂ’ ಅಂತ ಬೋರ್ಡು ಬೇರೆ. ಅದು ಎರಡೂ ಅಲ್ಲ. ಪಕ್ಕಕ್ಕೆ ಸರಿದು ನೋಡಿದರೆ ಚಿತ್ರವೇ ಮಾಯ. ನಿಜವಾದ ತ್ರೀಡಿ ತೋರಿಸುವ ವಾಲ್ಯೂಮೆಟ್ರಿಕ್ ಡಿಸ್‌ಪ್ಲೇಯಲ್ಲಿ ಬೆಳಕಿನ ಚುಕ್ಕೆಗಳು ಉದ್ದ, ಅಗಲ, ಎತ್ತರವಿರುವ ಜಾಗದಲ್ಲೇ ಹೊತ್ತಿಕೊಳ್ಳುತ್ತವೆ. ಸುತ್ತ ಕೂತ ನಾಲ್ಕು ಮಕ್ಕಳಿಗೆ ನಾಲ್ಕು ಮಗ್ಗುಲು ಕಾಣುತ್ತದೆ, ಕನ್ನಡಕ ಬೇಕಿಲ್ಲ.

ಇಂಥ ಡಿಸ್‌ಪ್ಲೇ ಮಾಡಲು ಆಟಿಕೆಗೆ ಒಗ್ಗುವ ದಾರಿ ಎರಡಿವೆ. ಮೊದಲನೆಯದು ಎಲ್‌ಇಡಿ ಹಲಗೆಯನ್ನೇ ಗರಗರನೆ ತಿರುಗಿಸುವುದು. ಸುರುಸುರು ಬತ್ತಿ ಬೀಸಿದಾಗ ಬೆಂಕಿಯ ಬಳೆ ಕಾಣುತ್ತದಲ್ಲ, ಅದೇ ಯುಕ್ತಿ. 8 ಸೆಂಟಿಮೀಟರ್ ಅಗಲದ, ಸಾಲಿಗೆ 16ರಂತೆ 16 ಸಾಲು, ಒಟ್ಟು 256 ಎಲ್‌ಇಡಿ ಇರುವ ಹಲಗೆ ಎನ್ನೋಣ. ನಿಮಿಷಕ್ಕೆ 1,200 ಸುತ್ತು. ಅಕ್ಷದ ಆಚೀಚೆ ಇರುವ ಎರಡೂ ಅರ್ಧಗಳು ಚಿತ್ರ ಬರೆಯುವುದರಿಂದ ಕಣ್ಣಿಗೆ ಸೆಕೆಂಡಿಗೆ 40 ಚಿತ್ರ. ಒಂದು ಸುತ್ತನ್ನು 100 ಹೋಳು ಮಾಡಿದರೆ ಹೋಳಿಗೆ ಸಿಗುವುದು 500 ಮೈಕ್ರೋಸೆಕೆಂಡ್.

ಬಹಳ ಜನ ಎಡವುವುದು ಇಲ್ಲೇ. ಎಲ್ಲೆಡೆ ಸಿಗುವ ಡಬ್ಲ್ಯುಎಸ್2812 ಎಲ್‌ಇಡಿ ಒಂದೊಂದಕ್ಕೆ ಬಣ್ಣ ತಿಳಿಸಲು 30 ಮೈಕ್ರೋಸೆಕೆಂಡ್ ಬೇಕು, ಎಲ್ಲವನ್ನೂ ಒಂದೇ ತಂತಿಯಲ್ಲಿ ಪೋಣಿಸಿದರೆ 7,680. ಅಷ್ಟರಲ್ಲಿ ಹಲಗೆ 15 ಹೋಳು ದಾಟಿರುತ್ತದೆ, ಚಿತ್ರ ಕಲಸುಮೇಲೋಗರ. ಎಪಿಎ102 ಮಾದರಿಗೆ ಮಾಹಿತಿಯ ವೇಗ ನಿರ್ಧರಿಸುವ ಪ್ರತ್ಯೇಕ ಕ್ಲಾಕ್ ತಂತಿ ಇದೆ. 20 ಮೆಗಾಹರ್ಟ್ಸ್‌ನಲ್ಲಿ ನಡೆಸಿದರೆ ಸುಮಾರು 420 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. ಚಿತ್ರ ಒಂದೇ ಕಡೆ ನಿಲ್ಲಲು ತಳದಲ್ಲಿ ಅಯಸ್ಕಾಂತ, ಹಲಗೆಯಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇರಬೇಕು. ಎ3144 ಸೆನ್ಸರ್ ಒಂದೇ ಧ್ರುವವನ್ನು ಗುರುತಿಸುತ್ತದೆ. ಚಿತ್ರ ತೇಲಾಡುತ್ತಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು ಅಯಸ್ಕಾಂತವನ್ನು ಮಗುಚಿ ನೋಡಿ.

ಅಂಚಿನ ಎಲ್‌ಇಡಿ ಅಕ್ಷದ ಪಕ್ಕದ್ದಕ್ಕಿಂತ 15 ಪಟ್ಟು ದೊಡ್ಡ ಸುತ್ತು ಹಾಕುತ್ತದೆ, ಬೆಳಕು ಅಷ್ಟೇ ತೆಳುವಾಗುತ್ತದೆ. ಆದ್ದರಿಂದ ಒಳಗಿನ ಸಾಲುಗಳ ಬೆಳಕನ್ನು ಇಳಿಸಲೇಬೇಕು. ಹಾಗಾಗಿ ಹಗಲಿನ ಜಗುಲಿಯಲ್ಲಿ ಇದು ನಡೆಯದು, ಕತ್ತಲ ಕೋಣೆಯೇ ಬೇಕು. ಇನ್ನೊಂದು ಮಿತಿ: ಮುಂದಿನ ಚುಕ್ಕೆ ಹಿಂದಿನದನ್ನು ಮರೆಮಾಡುವುದಿಲ್ಲ. ಗೊಂಬೆಯ ಮುಖ ತೋರಿಸಹೊರಟರೆ ಬೆನ್ನೂ ಮೂಗೂ ಒಟ್ಟಿಗೆ ಕಂಡು ದೆವ್ವದಂತಾಗುತ್ತದೆ. ನಕ್ಷತ್ರಪುಂಜ, ಗ್ರಹಗಳ ಕಕ್ಷೆ, ಅಣುರಚನೆಗಳಿಗಾದರೆ ಈ ಪಾರದರ್ಶಕತೆ ವರ. ಆಟಿಕೆ ತಯಾರಿಸುವವರು ಕಾರ್ಟೂನ್ ಪಾತ್ರಗಳ ಆಸೆ ಬಿಟ್ಟು ಇಂಥವನ್ನೇ ಹಿಡಿಯಬೇಕು.

ಅಂಚಿನ ವೇಗ ಸೆಕೆಂಡಿಗೆ 5 ಮೀಟರ್. ಅಲ್ಲಿರುವ ಬಿಡಿಭಾಗವನ್ನು ಅದರ ತೂಕದ 60 ಪಟ್ಟಿಗಿಂತ ಹೆಚ್ಚಿನ ಬಲ ಹೊರಕ್ಕೆಳೆಯುತ್ತದೆ. ಬೆಸುಗೆ ಸಡಿಲವಿದ್ದರೆ ಸಿಡಿಯುವುದೇ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗುಮ್ಮಟ, ಅದನ್ನು ತೆಗೆದೊಡನೆ ಮೋಟಾರು ನಿಲ್ಲಿಸುವ ಸ್ವಿಚ್ಚು ಕಡ್ಡಾಯ. ಸೆಕೆಂಡಿಗೆ 15ರಿಂದ 25 ಸಲ ಮಿನುಗುವ ಬೆಳಕು ಕೆಲವು ಮಕ್ಕಳಿಗೆ ಮೂರ್ಛೆ ತರಿಸಬಹುದು. ಮೋಟಾರು ವೇಗ ಹಿಡಿಯುವಾಗಲೂ ನಿಲ್ಲುವಾಗಲೂ ಈ ಹಂತ ದಾಟುತ್ತದೆ. ಪೂರ್ತಿ ವೇಗ ಬರುವವರೆಗೆ ದೀಪ ಹೊತ್ತಿಸಬಾರದು. ವೇಗ ಇಳಿದೊಡನೆ ಆರಿಸಬೇಕು.

ಚಿಕ್ಕ ಮಕ್ಕಳಿಗೆ ಎರಡನೆಯ ದಾರಿಯೇ ಸರಿ: ತಿರುಗದ ಎಲ್‌ಇಡಿ ಘನ. ನಾಲ್ಕು ಅಂತಸ್ತು, ಅಂತಸ್ತಿಗೆ 16, ಒಟ್ಟು 64 ದೀಪ. ನಿಲುವಿನ ತಂತಿ 16, ಅಂತಸ್ತಿನವು 4. ದೀಪಗಳನ್ನು ನಿಯಂತ್ರಿಸುವ ಪುಟ್ಟ ಸರ್ಕ್ಯೂಟ್ ಹಲಗೆ ಆರ್ಡುಯಿನೋ ಉನೋದಲ್ಲಿರುವ 20 ಪಿನ್ನುಗಳು ಲೆಕ್ಕಕ್ಕೆ ಸರಿಯಾಗುತ್ತವೆ. ದೀಪವೊಂದಕ್ಕೆ 10 ಮಿಲಿಆಂಪ್ ಎಂದರೂ ಪೂರ್ತಿ ಅಂತಸ್ತಿಗೆ 160. ಒಂದು ಪಿನ್ನು ತಡೆಯುವ ಗರಿಷ್ಠ ಮಿತಿ 40. ಅಂತಸ್ತಿಗೊಂದು ಟ್ರಾನ್ಸಿಸ್ಟರ್ ಹಾಕದಿದ್ದರೆ ಚಿಪ್ಪು ಸುಡುತ್ತದೆ. ಎರಡು ಬಣ್ಣದ ದೀಪ ಹಾಕಿದರೆ ನಾಲ್ಕು ಅಂತಸ್ತಿನ ಸೊನ್ನೆ-ಕತ್ತರಿ ಆಟ ಸಿದ್ಧ. ಆದರೆ ಆಗ ತಂತಿಗಳು ಹೆಚ್ಚಿ, ಕೆಲವೇ ಪಿನ್ನುಗಳಿಂದ ಹಲವು ತಂತಿ ನಡೆಸುವ ಶಿಫ್ಟ್ ರಿಜಿಸ್ಟರ್ ಚಿಪ್ಪು ಬೇಕಾಗುತ್ತದೆ.

ಮಾರಾಟಕ್ಕೆ ಮಾಡುವವರಿಗೆ ಒಂದು ಮಾತು. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಆಟಿಕೆಗಳಿಗಿರುವ ಮಾನಕ ಐಎಸ್ 15644. ರಿಮೋಟಿಗೆ ಗುಂಡಿ ಬ್ಯಾಟರಿ ಹಾಕುವುದಾದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲಿ. ನುಂಗಿದ ಗುಂಡಿ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.